ಬೋಳ, ಅರಗ, ಸೀರೆ, ಮದುಮಗ: ನಾಲ್ಕು ಬೂಸ್ಟ್ ಗ್ಲೈಡರ್, ನಾಲ್ಕು ಬಗೆಯ ಮೆರುಗು

ಆರೇ ಆರು ಮೋಟರು, ನಾಲ್ಕು ಗ್ಲೈಡರು. ಸಂಕ್ರಾಂತಿ ಕಳೆದ ಭಾನುವಾರ ಪಾಂಡವಪುರದ ಹತ್ತಿರ ಭತ್ತ ಕೊಯ್ದಿದ್ದ ಗದ್ದೆಯೊಂದಕ್ಕೆ ಹೊರಟಾಗ ನಮ್ಮ ಕೈಲಿದ್ದ ಆಸ್ತಿ ಇಷ್ಟೇ. ಮೋಟರುಗಳು ನನ್ನವಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗರ ತಂಡವೊಂದು ಬೇಕಾದ ಅನುಮತಿಗಳನ್ನೆಲ್ಲ ಪಡೆದು ತರಿಸಿಕೊಂಡಿತ್ತು. ‘ರೆಕ್ಕೆ ನೀವು ಮಾಡಿ, ಬೆಂಕಿ ನಾವು ಹಚ್ತೀವಿ’ ಅನ್ನೋದು ನಮ್ಮೊಳಗಿನ ಒಪ್ಪಂದ.

ಬೂಸ್ಟ್ ಗ್ಲೈಡರ್ ನೋಡದವರಿಗೆ ಎರಡು ಮಾತು. ರಾಕೆಟ್ಟಾಗಿ ಏರಿ, ಗ್ಲೈಡರ್ ಆಗಿ ಇಳಿಯುವ ಮಾಡೆಲ್ ಇದು. ಮೋಟರು ಕೂರುವ ಪುಟ್ಟ ಕೊಳವೆಗೆ ಪಾಡ್ ಅಂತ ಹೆಸರು. ಅದು ಗ್ಲೈಡರಿನ ಮೂತಿಯ ಮೇಲೆ ಒಂದು ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ನಮ್ಮ ಮೋಟರು ಬಿ6-2. ಬಿ ಅಂದರೆ ಒಟ್ಟು ತಳ್ಳು ಎರಡೂವರೆಯಿಂದ ಐದು ನ್ಯೂಟನ್-ಸೆಕೆಂಡಿನ ಒಳಗೆ, 6 ಅಂದರೆ ಸರಾಸರಿ ಆರು ನ್ಯೂಟನ್ ಬಲ, 2 ಅಂದರೆ ಉರಿದು ಮುಗಿದ ಮೇಲೆ ಎರಡು ಸೆಕೆಂಡಿನ ತಡ. ಆ ತಡ ಕಳೆದ ಮೇಲೆ ಒಳಗಿನ ಚಿಕ್ಕ ಸಿಡಿತ ಪಾಡನ್ನು ಹಿಂದಕ್ಕೆ ಒದೆಯುತ್ತದೆ. ಪಾಡು ಕೊಕ್ಕೆ ಬಿಟ್ಟು ರಿಬ್ಬನ್ ಬಿಚ್ಚಿಕೊಂಡು ಕೆಳಗೆ ಬರುತ್ತದೆ, ಗ್ಲೈಡರು ತನ್ನ ಪಾಡಿಗೆ ತಾನು ಸುತ್ತುತ್ತಾ ಇಳಿಯುತ್ತದೆ. ಹಾಗಾಗಬೇಕು, ಅಷ್ಟೆ.

ನನಗಿದ್ದ ಪ್ರಶ್ನೆ ಒಂದೇ. ಬಾಲ್ಸಾ ಅನ್ನುವ ಹಗುರ ಮರದ ರೆಕ್ಕೆಗೆ ಏನು ಬಳಿಯಬೇಕು? ಉಜ್ಜಿ ಹಾಗೇ ಬಿಡಿ ಅನ್ನುವವರು, ಬಣ್ಣ ಹೊಡೆಯದಿದ್ದರೆ ಅದೇನು ಮಾಡೆಲ್ಲು ಅನ್ನುವವರು, ತೆಳು ಕಾಗದ ಹೊದಿಸಿ ಅನ್ನುವವರು, ಎಲ್ಲರೂ ಇದ್ದಾರೆ. ಹಾಗಾಗಿ ಒಂದೇ ನಕ್ಷೆಯಲ್ಲಿ ನಾಲ್ಕು ಮಾಡಿದೆ. 42 ಸೆಂಟಿಮೀಟರ್ ರೆಕ್ಕೆ, 3 ಮಿಲಿಮೀಟರ್ ಬಾಲ್ಸಾ; ಬಾಲದ ಹಾಳೆ ಅದರ ಅರ್ಧ ದಪ್ಪ. ಒಂದೇ ಪಾಡು ನಾಲ್ಕಕ್ಕೂ. ಚಿನ್ನ ತೂಗುವ ಪುಟ್ಟ ತಕ್ಕಡಿಯೊಂದನ್ನು ಕೊಂಡೆ. ಈ ಹವ್ಯಾಸಕ್ಕೆ ನಾನು ಮಾಡಿದ ಖರ್ಚುಗಳಲ್ಲಿ ಪಶ್ಚಾತ್ತಾಪವಿಲ್ಲದ್ದು ಅದೊಂದೇ.

ಹೆಸರಿಟ್ಟಿದ್ದು ಅಕ್ಕನ ಮಗ. ಬರೀ ಉಜ್ಜಿದ್ದು ಬೋಳ. ಅರಗು ಬಳಿದದ್ದು ಅರಗ. ಕಾಗದ ಹೊದಿಸಿದ್ದು ಸೀರೆ. ಕೆಂಪು, ಬಿಳಿ ಬಣ್ಣ ಹೊಡೆಸಿಕೊಂಡು ಮಿರಮಿರ ಮಿಂಚುತ್ತಿದ್ದದ್ದು ಮದುಮಗ. (ಐದನೆಯದೊಂದು ಥರ್ಮೋಕೋಲ್ ಹಾಳೆಯದೂ ಇತ್ತು. ಸ್ಪ್ರೇ ಬಣ್ಣ ತಾಗಿದ ಕೂಡಲೇ ಬಿಸಿಲಿಗಿಟ್ಟ ಬೆಣ್ಣೆಯಂತೆ ಕುಸಿಯಿತು. ಆ ಬಣ್ಣದ ದ್ರಾವಕ ಥರ್ಮೋಕೋಲನ್ನೇ ಕರಗಿಸುತ್ತದೆ. ಅದರ ಕಥೆ ಅಲ್ಲಿಗೆ ಮುಗಿಯಿತು.)

ಬೋಳನಿಗೆ ಕೆಲಸ ಕಡಿಮೆ. 220ರ ಉಪ್ಪುಕಾಗದ, ಆಮೇಲೆ 400ರದ್ದು, ಮುಗೀತು. ಹಿಂದು ಮುಂದಿನ ತೂಕ ಸರಿದೂಗಲು ಮೂತಿಗೆ ಮೆತ್ತಿದ ಜೇಡಿಯೂ ಸೇರಿ 19.4 ಗ್ರಾಂ.

ಅರಗನಿಗೆ ಗುರು ಸಿಕ್ಕಿದ್ದು ಮೈಸೂರಿನಲ್ಲೇ. ಬೀಟೆ ಮರದ ಕುಸುರಿ ಕೆಲಸಕ್ಕೆ ಪಾಲಿಶ್ ಹಾಕುವ ಹಿರಿಯರೊಬ್ಬರು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯೆಲ್ಲ ನೆನೆಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ, ನೀವುವುದು ಹೇಗೆಂದು ತೋರಿಸಿದರು. ‘ಬಳೀಬೇಡಿ, ಸವರಿ’ ಅಂದರು. ಮೂರು ಕೈ ಸವರಿದರೂ ಏರಿದ್ದು ಒಂದೂವರೆ ಗ್ರಾಮಿನಷ್ಟು. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಮೂಗಿಗೆ ಹಿತ, ಬಾಲ್ಸಾಕ್ಕೆ ಜೇನಿನ ಬಣ್ಣ ಬರುತ್ತದೆ. ಇನ್ನಷ್ಟು ಹಳದಿ ಕಾಣಲೆಂದು ಅಮ್ಮನ ಮಾತು ಕೇಳಿ ಒಂದು ರೆಕ್ಕೆಯ ತುದಿಗೆ ಅರಿಶಿನ ಬೆರೆಸಿದೆ. ವಾರದ ಬಿಸಿಲಿಗೆ ಅದು ಮಾಸಿಹೋಯಿತು. ಈಗ ಮಾರ್ಕರ್ ಪೆನ್ನು ಬಳಸುತ್ತೇನೆ. ಅದರ ಶಾಯಿಯ ತೂಕ ನನ್ನ ತಕ್ಕಡಿಗೂ ಕಾಣುವುದಿಲ್ಲ.

ಸೀರೆಯದ್ದು ತಾಳ್ಮೆಯ ಕೆಲಸ. ಹವ್ಯಾಸಿಗಳು ಹೇಳುವ ಜಪಾನಿ ಟಿಶ್ಯೂ ಇಲ್ಲಿ ಎಲ್ಲಿ ಸಿಗಬೇಕು? ಗಾಳಿಪಟದ ಕಾಗದ ತೂಗಿ ನೋಡಿದೆ, ಭಾರ. ಕೊನೆಗೆ ಸಿಕ್ಕಿದ್ದು ಮೈಸೂರು ಸಿಲ್ಕ್ ಸೀರೆಯ ಡಬ್ಬಿಯಲ್ಲಿ, ಮಡಿಕೆಗಳ ನಡುವೆ ಇಟ್ಟಿದ್ದ ಹಾಳೆ. ಹೆಂಡತಿ ಕೊಟ್ಟಳು, ಸೀರೆ ಮುಟ್ಟಬಾರದೆಂಬ ಷರತ್ತಿನ ಮೇಲೆ. ಎನ್‌ಸಿ ಕ್ಲಿಯರ್ ಲ್ಯಾಕರಿಗೆ ಅಷ್ಟೇ ಥಿನ್ನರ್ ಬೆರೆಸಿ, ರೆಕ್ಕೆಯ ಮೇಲೆ ಹಾಳೆ ಹಾಸಿ, ಮೇಲಿಂದ ಬ್ರಷ್ ಎಳೆದರೆ ಲ್ಯಾಕರು ಹಾಳೆಯೊಳಗೆ ಇಳಿದು ಅಂಟಿಕೊಳ್ಳುತ್ತದೆ. ಒಂದೇ ಒಂದು ಎಚ್ಚರ: ಒಣಗುವಾಗ ಲ್ಯಾಕರು ಕುಗ್ಗುತ್ತದೆ. ಮೇಲ್ಬದಿಗೆ ಮಾತ್ರ ಬಳಿದು ಕಾಫಿ ಕುಡಿದು ಬಂದರೆ ರೆಕ್ಕೆ ಹಪ್ಪಳದಂತೆ ಮೇಲೆದ್ದಿರುತ್ತದೆ. ನನ್ನ ಮೊದಲ ರೆಕ್ಕೆ ಹಾಗೇ ಹೋಯಿತು. ಎರಡೂ ಬದಿಗೆ ಒಂದೇ ಸಲ ಬಳಿದು, ಗಾಜಿನ ಮೇಲೆ ಭಾರ ಹೇರಿ ರಾತ್ರಿ ಬಿಡಬೇಕು. ಮೂತಿಯ ಜೇಡಿ ಸೇರಿ ಏರಿಕೆ 2.3 ಗ್ರಾಂ.

ಮದುಮಗನ ಲೆಕ್ಕ ಹೇಳಲು ನಾಚಿಕೆ. ಪ್ರೈಮರ್ ಎರಡು ಸಲ, ಬಿಳಿ, ಅದರ ಮೇಲೆ ಕೆಂಪು. ಬಣ್ಣವೇ 5 ಗ್ರಾಂ. ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಬಾಲಕ್ಕೆ ಬಿದ್ದ ಬಣ್ಣ ಗ್ಲೈಡರಿನ ತೂಕವನ್ನು ಹಿಂದಕ್ಕೆಳೆಯಿತು. ಬಾಲ ತೂಕದ ಕೇಂದ್ರದಿಂದ 25 ಸೆಂಟಿಮೀಟರ್ ಹಿಂದೆ, ಮೂತಿ 12 ಸೆಂಟಿಮೀಟರ್ ಮುಂದೆ. ಬಾಲದಲ್ಲಿ ಒಂದು ಗ್ರಾಂ ಏರಿದರೆ ಮೂತಿಗೆ ಎರಡು ಗ್ರಾಂ ಜೇಡಿ ಮೆತ್ತಲೇಬೇಕು. ಮೆತ್ತಿದ ಮೇಲೆ ತೂಕ 26.8! ಗ್ಲೈಡರು ಇಳಿಯುವ ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಬೋಳನಿಗಿಂತ ಇವನು ಸುಮಾರು ನೂರಕ್ಕೆ ಹದಿನೇಳರಷ್ಟು ಬೇಗ ನೆಲ ಕಾಣುತ್ತಾನೆ. ನುಣುಪಿನಿಂದ ಲಾಭವಿಲ್ಲವೇ ಅಂದರೆ, ಏರುವಾಗ ಕೊಂಚ ಇದೆ. ಇಳಿಯುವಾಗ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದ ಈ ಪುಟ್ಟ ರೆಕ್ಕೆಗೆ ಕನ್ನಡಿಯಂಥ ಹೊಳಪಿದ್ದರೆಷ್ಟು ಬಿಟ್ಟರೆಷ್ಟು.

ಮೋಟರಿಗೆ ಮೊದಲು ರಬ್ಬರ್ ಕವಣೆ. ಗಾಳಿಯಿಲ್ಲದ ನಾಲ್ಕು ಸಂಜೆ, ಮೈದಾನದಲ್ಲಿ ಒಂದೊಂದನ್ನೂ ಹತ್ತತ್ತು ಸಲ ಹಾರಿಸಿದೆ. ಬೋಳ, ಅರಗ, ಸೀರೆ ಮೂರೂ ಸರಾಸರಿ ಹದಿನಾಲ್ಕು ಸೆಕೆಂಡಿನ ಆಸುಪಾಸು, ಮದುಮಗ ಹನ್ನೊಂದೂವರೆ. ಇಷ್ಟು ನೋಡಿ ‘ಏನೂ ಬಳಿಯಬೇಡಿ’ ಅಂತ ತೀರ್ಪು ಕೊಟ್ಟು ಕೂರುವವನಿದ್ದೆ.

ಆದರೆ ಮಂಡ್ಯದ ಗದ್ದೆ ಮೈದಾನವಲ್ಲ. ಮಂಡಕಳ್ಳಿಯ ವಿಮಾನ ನಿಲ್ದಾಣದಿಂದ ದೂರ, ಹೈಟೆನ್ಷನ್ ತಂತಿಯಿಲ್ಲದ, ಪಕ್ಕದಲ್ಲಿ ಒಣಗಿದ ಕಬ್ಬಿನ ತರಗು ಇಲ್ಲದ ಜಾಗ ಹುಡುಕಿ ಹುಡುಕಿ ಸಿಕ್ಕಿದ್ದು ಅದು. ತರಗಿಗೆ ಒಂದು ಕಿಡಿ ಬಿದ್ದರೆ ಊರಿನವರಿಗೆ ಮುಖ ತೋರಿಸುವ ಹಾಗಿಲ್ಲ. ಬೆಳಿಗ್ಗೆ ಆರೂಮುಕ್ಕಾಲು, ದೂರದಲ್ಲಿ ಕುಂತಿ ಬೆಟ್ಟ ಮಂಜಿನೊಳಗೆ. ಗದ್ದೆಯ ಯಜಮಾನರು ಶಾಲು ಹೊದ್ದು ಬದುವಿನ ಮೇಲೆ ಕೂತಿದ್ದರು. ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸಿದ ಬೂದಿ ಊರ ಮುಂದೆ ಇನ್ನೂ ಇತ್ತು. ‘ನಿಮ್ದೂ ಕಿಚ್ಚು ಹಾಯ್ಸೋದೇ ತಾನೇ, ಹಬ್ಬ ಮುಗಿದ್ಮೇಲೆ ಬಂದಿದೀರ’ ಅಂದರು. ಜೊತೆಗಿದ್ದ ಮಕ್ಕಳು ಕೇಳಿದ್ದು ಬೇರೆ: ‘ಟಿಪ್ಪು ರಾಕೆಟ್ಟಾ ಸಾರ್?’ ಶ್ರೀರಂಗಪಟ್ಟಣದ ಪಕ್ಕದ ಮಕ್ಕಳು ಮತ್ತೇನು ಕೇಳಿಯಾರು. ಅವನ ಕಬ್ಬಿಣದ ಕೊಳವೆ ನೆಟ್ಟಗೆ ಹೋಗಲು ಉದ್ದನೆಯ ಬಿದಿರು ಕಟ್ಟುತ್ತಿದ್ದರು, ನಮ್ಮದಕ್ಕೆ ರೆಕ್ಕೆ ಬಾಲವೇ ಆ ಬಿದಿರು ಅಂತ ಹೇಳಿ ಅವರನ್ನು ಹಿಂದಕ್ಕೆ ನಿಲ್ಲಿಸಿದೆ.

ಮೊದಲು ಬೋಳ. ಹುಡುಗರು ಹದಿನೈದಡಿ ಆಚೆಯಿಂದ ಗುಂಡಿ ಒತ್ತಿದರು. ಸುಯ್ ಅಂತ ನೆಟ್ಟಗೆ ಏರಿ, ಟಪ್ ಅಂದು ಪಾಡು ಕಳಚಿ, ದೊಡ್ಡ ಎಡಸುತ್ತಿನಲ್ಲಿ 57 ಸೆಕೆಂಡು. ನನಗೆ ಗೆದ್ದ ಹಿಗ್ಗು. ಇಳಿದದ್ದು ಮಾತ್ರ ಇಬ್ಬನಿಯಲ್ಲಿ ತೊಯ್ದ ಕೂಳೆಯ ಮೇಲೆ. ಹುಡುಕಿ ಎತ್ತುವಷ್ಟರಲ್ಲಿ ಹತ್ತು ನಿಮಿಷವಾಗಿತ್ತು.

ಅರಗ 54. ಅದೂ ಒದ್ದೆಯಲ್ಲೇ ಇಳಿಯಿತು. ರೆಕ್ಕೆಯ ಮೇಲೆ ಹನಿ ನಿಂತ ಕಡೆಯೆಲ್ಲ ಬೆಳ್ಳಗೆ ಮಚ್ಚೆ ಎದ್ದಿತ್ತು. ಅರಗಿಗೆ ನೀರು ಕಂಡರೆ ಆಗುವುದಿಲ್ಲ, ಊಟದ ಮೇಜಿನ ಮೇಲೆ ಲೋಟದ ಗುರುತು ಕಂಡವರಿಗೆ ಗೊತ್ತು. ಆದರೆ ರೆಕ್ಕೆ ಸೊಟ್ಟಗಾಗಿರಲಿಲ್ಲ.

ಸೀರೆ 63. ಆ ಹೊತ್ತಿಗೆ ಬಿಸಿಲು ಬಿದ್ದು ಗದ್ದೆಯಿಂದ ಬೆಚ್ಚನೆಯ ಗಾಳಿ ಏಳುತ್ತಿತ್ತು. ಮೇಲೆ ಗರುಡವೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು, ಯಜಮಾನರು ಕೈಮುಗಿದರು. ಹಾಗಾಗಿ ಆ ಆರು ಸೆಕೆಂಡಿನಲ್ಲಿ ಕಾಗದದ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಅಂತ ಆಣೆ ಮಾಡಿ ಹೇಳಲಾರೆ. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪಾಡಿನ ಬೆಂಕಿ ಹಿಂದಕ್ಕೆ ಹಾಯುವ ಕಡೆ, ಮೂತಿಯಿಂದ ಬಾಲದವರೆಗಿನ ದಂಡದ ಮೇಲೆ ಲ್ಯಾಕರು ಸುಟ್ಟು ಕಪ್ಪಾಗಿತ್ತು. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್, ಬೆಂಕಿ ಅಂದರೆ ಪ್ರಾಣ. ಅಲ್ಲಿ ಎರಡು ಬೆರಳಗಲ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸದೆ ಇನ್ನು ಹಾರಿಸುವುದಿಲ್ಲ.

ಮದುಮಗನ ದಿಬ್ಬಣ ಹೊರಟಿತು. ಏರಿದ, ಟಪ್ ಅಂದಿತು, ಪಾಡು ಮಾತ್ರ ಕಳಚಲಿಲ್ಲ. ಗ್ಲೈಡರನ್ನು ತಬ್ಬಿಕೊಂಡೇ ಗಿರಗಿರ ತಿರುಗುತ್ತಾ ಕೆಳಗೆ ಬಂತು. ಈ ಹವ್ಯಾಸದವರು ಇದಕ್ಕೆ ‘ರೆಡ್ ಬ್ಯಾರನ್’ ಅನ್ನುತ್ತಾರೆ. ನೋಡಿದರೆ ಕೊಕ್ಕೆಯ ಮೇಲೂ ನಾಲ್ಕು ಪದರ ಬಣ್ಣ! ಸಡಿಲವಾಗಿ ಜಾರಬೇಕಾದದ್ದು ಬಿಗಿಯಾಗಿತ್ತು. ಹಾರಿಸುವ ಮುಂಚೆ ಪಾಡು ಹಾಕಿ, ಗ್ಲೈಡರನ್ನು ಮೂತಿ ಮೇಲಾಗಿ ಹಿಡಿದು, ಪಾಡು ತಾನಾಗಿ ಹಿಂದಕ್ಕೆ ಜಾರುತ್ತದೋ ಇಲ್ಲವೋ ನೋಡಿಕೊಳ್ಳಿ. ನಾನು ಮೂರಕ್ಕೆ ನೋಡಿದ್ದೆ, ಚಂದದವನಿಗೆ ನೋಡಲಿಲ್ಲ. ಪುಣ್ಯಕ್ಕೆ ಕೂಳೆಯ ಮೇಲೆ ಬಿದ್ದು ಉಳಿಯಿತು. ಕೊಕ್ಕೆ ಉಜ್ಜಿ, ಮೇಣದಬತ್ತಿ ತಿಕ್ಕಿ, ಐದನೇ ಮೋಟರಿಗೆ ಮತ್ತೆ ಹಾರಿಸಿದೆ. 43 ಸೆಕೆಂಡು. ನೋಡಲು ಎಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಉಳಿದದ್ದು ಒಂದು ಮೋಟರು. ಹುಡುಗರೆಲ್ಲ ಸೀರೆಗೆ ಕೊಡಿ ಅಂದರು, ನಾನು ಬೋಳನಿಗೇ ಕೊಟ್ಟೆ. ಅನುಮಾನವಿತ್ತು. ತಕ್ಕಡಿಗೆ ಹಾಕಿದರೆ 20.5, ಒಂದು ಗ್ರಾಮಿಗೂ ಹೆಚ್ಚು ಇಬ್ಬನಿ ಕುಡಿದಿತ್ತು. ಹಿಂಬದಿಯಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಎಡರೆಕ್ಕೆಯ ಹಿಂದಿನ ಅಂಚು ಒಂದು ಅಕ್ಕಿ ಕಾಳಿನಷ್ಟು ಮೇಲೆದ್ದಿತ್ತು. ಅಷ್ಟೇ ತಿರುಚು. ಮೇಲೆ ಹೋಗಿ ಪಾಡು ಬಿಟ್ಟದ್ದೇ ತಡ, ಎಡಕ್ಕೆ ವಾಲಿ, ಸುತ್ತು ಬಿಗಿಯಾಗುತ್ತಾ ಆಗುತ್ತಾ ಬುಗುರಿಯಂತೆ ಇಳಿಯಿತು. 22 ಸೆಕೆಂಡು. ಮೂತಿ ಮಣ್ಣಲ್ಲಿ ಹೂತು ದಂಡ ಮುರಿಯಿತು.

ಒಣ ಮೈದಾನದಲ್ಲಿ, ಬಿಸಿಲೇರಿದ ಮೇಲೆ ಹಾರಿಸುವವರಿಗೆ ಬೋಳನೇ ಸಾಕು. ನಾಲೆಯ ನೀರು ಕುಡಿಯುವ ಈ ಸೀಮೆಯಲ್ಲಿ ಗಾಳಿ ಸತ್ತಿರುವುದು ಬೆಳಗಿನ ಹೊತ್ತು, ಇಬ್ಬನಿ ಇರುವುದೂ ಆಗಲೇ. ಇಲ್ಲಿ ರೆಕ್ಕೆಗೆ ಬಳಿಯುವುದು ರೆಕ್ಕೆ ತನ್ನ ಆಕಾರ ಮರೆಯದಿರಲಿ ಅಂತ. ಅದಕ್ಕೆ ಒಂದೆರಡು ಗ್ರಾಂ ಕೊಡಲು ನಾನು ತಯಾರು, ಏಳು ಗ್ರಾಂ ಕೊಡಲಾರೆ. ಬಣ್ಣದ ಚಪಲವಿದ್ದರೆ ಪಾಡಿಗೆ ಹೊಡೆಯಿರಿ. ಅದು ಇಳಿಯುವಾಗ ಜೊತೆಗಿರುವುದಿಲ್ಲ, ಕೂಳೆಯಲ್ಲಿ ಹುಡುಕಲೂ ಸುಲಭ.

ಸದ್ಯ ಮೇಜಿನ ಮೇಲೆ ಹೊಸದೊಂದು ಒಣಗುತ್ತಿದೆ. ರೆಕ್ಕೆಗೆ ಸೀರೆಯ ಕಾಗದ, ಬಾಲಕ್ಕೆ ಎರಡೂ ಬದಿ ಅರಗು ಒಂದೇ ಕೈ, ಕೊಕ್ಕೆಗೆ ಮೇಣ ಮಾತ್ರ. ತಕ್ಕಡಿ 20.9 ಅನ್ನುತ್ತಿದೆ. ಮದುಮಗ ಅಕ್ಕನ ಮಗನ ಕೋಣೆಯಲ್ಲಿ ಫ್ಯಾನಿನ ಪಕ್ಕ ನೇತಾಡುತ್ತಿದ್ದಾನೆ. ಮುಂದಿನ ಮೋಟರುಗಳಿಗೆ ಹುಡುಗರು ಮತ್ತೆ ಅರ್ಜಿ ಹಾಕಿದ್ದಾರೆ. ಆಷಾಢದ ಗಾಳಿ ಶುರುವಾದರೆ ಬಯಲೆಲ್ಲ ಗಾಳಿಪಟದವರದ್ದು, ಅಷ್ಟರೊಳಗೆ ಬಂದರೆ ಸರಿ.