ಹಳೇ ರೇವಾಗೆ ಲಿಥಿಯಂ ಹಾಕಿಸಿ 2.8 ಲಕ್ಷ ನೀರಿಗೆ ಹಾಕ್ದೆ

ಬೈಯೋರು ಈಗ್ಲೇ ಬೈದುಬಿಡಿ. ಮನೇಲಿ ಆಗ್ಲೇ ಆಗಿದೆ.

ನಂದು 2009ರ ರೇವಾಐ, ಪುಟ್ಟ ಎಲೆಕ್ಟ್ರಿಕ್ ಕಾರು. ಬೆಂಗಳೂರಲ್ಲೇ ಹುಟ್ಟಿದ ಗಾಡಿ ಅಂತ ಒಂದು ಮೋಹ. ಸೀಟಿನ ಕೆಳಗಿನ ಎಂಟು ಲೆಡ್ ಆಸಿಡ್ ಬ್ಯಾಟರಿ ಸತ್ತಿದ್ವು. ಆಗ ಗಂಟುಬಿದ್ದಿದ್ದು ಒಬ್ಬ ಗ್ಯಾರೇಜಿನವನು. "ಲಿಥಿಯಂ ಹಾಕಿಸ್ಬಿಡಿ ಸರ್. 51.2 ವೋಲ್ಟ್, 200 ಆಂಪಿಯರ್-ಅವರ್, ಎಲ್ಲಾ ಹೊಸಾ ಸೆಲ್. 120 ಕಿ.ಮೀ. ಕಣ್ಮುಚ್ಚಿ ಓಡಿಸಿ." 2.8 ಲಕ್ಷ. ಪೂರ್ತಿ ಮುಂಗಡ. ಹೌದು, ಪೂರ್ತಿ! ಬಿಲ್ ಬೇಕಂದ್ರೆ ಜಿಎಸ್‌ಟಿ ಬೇರೆ ಅಂದ. ನಾನೂ ದೊಡ್ಡ ಜಾಣ, ಬಿಲ್ ಬೇಡ ಅಂದೆ.

ಎಂಟನೇ ದಿನ ಹೆಬ್ಬಾಳ ಫ್ಲೈಓವರ್ ಏರ್ತಾ ಗಾಡಿ ಟಪ್ ಅಂತ ನಿಂತ್ಹೋಯ್ತು. ಹಿಂದೆ ಬಿಎಂಟಿಸಿ ಬಸ್ಸಿನ ಹಾರ್ನು, ಪಕ್ಕದಲ್ಲಿ ಹೆಂಡತಿಯ ಮೌನ. ಆಮೇಲೆ ಗೊತ್ತಾಯ್ತು: ಏರಿನಲ್ಲಿ ಮೋಟರು 200 ಆಂಪಿಯರ್ ದಾಟಿ ಎಳೆಯುತ್ತೆ, ಪುಣ್ಯಾತ್ಮ ಹಾಕಿದ್ದು 100 ಆಂಪಿಯರ್ ಬಿಎಂಎಸ್ (ಬ್ಯಾಟರಿ ಕಾಯೋ ಬೋರ್ಡು, ಮಿತಿ ದಾಟಿದ್ರೆ ಕರೆಂಟ್ ಕಟ್ ಮಾಡುತ್ತೆ). ಕೇಳಿದ್ರೆ, "ನೀವು ಜೋರಾಗಿ ಓಡಿಸ್ತೀರಾ ಸರ್." ರೇವಾನ ಜೋರಾಗಿ!

ರೇಂಜ್ 55 ಕಿ.ಮೀ. ದಾಟ್ಲಿಲ್ಲ. "ಎಸಿ ಕಮ್ಮಿ ಹಾಕಿ ಸರ್." ನನ್ನ ಗಾಡಿಯಲ್ಲಿ ಎಸಿಯೇ ಇಲ್ಲ ಕಣಯ್ಯಾ.

ಕೊನೆಗೆ ಬ್ಯಾಟರಿ ಪೂರ್ತಿ ಖಾಲಿ ಮಾಡಿ, ಪ್ಲಗ್ಗಿಗೆ ಯೂನಿಟ್ ಮೀಟರ್ ಸಿಕ್ಕಿಸಿ ರಾತ್ರಿಯೆಲ್ಲಾ ಚಾರ್ಜಿಗಿಟ್ಟೆ. 51.2 ಇಂಟು 200 ಅಂದ್ರೆ 10,240 ವ್ಯಾಟ್-ಅವರ್, 10 ಯೂನಿಟ್ ಮೇಲೆ ಹಿಡಿಸಬೇಕು. ಬೆಳಿಗ್ಗೆ ಮೀಟರಲ್ಲಿ 6.1. ಹಲ್ಲುಜ್ಜೋ ಬ್ರಷ್ ಬಾಯಲ್ಲೇ ಇತ್ತು, ಹಾಗೇ ಕೂತುಬಿಟ್ಟೆ. ಸೀಟೆತ್ತಿ ಮುಚ್ಚಳ ಬಿಚ್ಚಿದ್ರೆ ಹದಿನಾರು ಸೆಲ್ಲಿನ ಕ್ಯೂಆರ್ ಕೋಡನ್ನೂ (ಸೆಲ್ ಯಾವಾಗ ತಯಾರಾಗಿದ್ದು ಅಂತ ಗೊತ್ತಾಗೋದು ಅದರಿಂದ್ಲೇ) ಬ್ಲೇಡಲ್ಲಿ ಕೆರೆದಿದ್ದಾನೆ. ಹದಿನಾರೂ! ಫೋಟೋ ಕಳಿಸಿದೆ. "ಟ್ರಾನ್ಸ್‌ಪೋರ್ಟಲ್ಲಿ ಉಜ್ಜಿರುತ್ತೆ ಸರ್."

ಸರಿ, ಮೋಸ ಆಯ್ತು. ಅದಕ್ಕಿಂತ ಹೊಟ್ಟೆ ಉರಿಯೋದು, ಅಸಲಿ ಸೆಲ್ ಕೊಟ್ಟಿದ್ರೂ ಈ ಲೆಕ್ಕ ಗಿಟ್ತಿರ್ಲಿಲ್ಲ. ಗಾಡಿಗೆ ಹದಿನೈದು ವರ್ಷ ಆಗಿ ಆರ್‌ಸಿ ರಿನ್ಯೂ ಆಗಿರೋದು ಐದೇ ವರ್ಷಕ್ಕೆ. 2.8 ಲಕ್ಷನ ಅರವತ್ತು ತಿಂಗಳಿಗೆ ಹಂಚಿ ನೋಡಿ, ತಿಂಗಳಿಗೆ 4,600ರ ಮೇಲೆ, ಕರೆಂಟು ಬಿಟ್ಟು. ಮಾರೋಕೆ ಹೋದ್ರೆ ಇಡೀ ಗಾಡಿಗೆ 70 ಸಾವಿರ ಕೇಳ್ತಾರೆ. ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿಯ ಬ್ಯಾಟರಿಗೆ ಕಂಪನಿಯೇ ಎಂಟು ವರ್ಷ ವಾರಂಟಿ ಕೊಡುತ್ತೆ, ನನ್ನ ವಾರಂಟಿ ವಾಟ್ಸಾಪಲ್ಲಿ ಒಂದು ಹೆಬ್ಬೆಟ್ಟು.

ಹಾಕಿಸ್ಲೇಬೇಕು ಅನ್ನೋರು ನಿಮ್ಮೆದುರೇ ಲೋಡ್ ಹಾಕಿ ಕೆಪಾಸಿಟಿ ತೋರಿಸಲಿ, ಆಮೇಲೆ ದುಡ್ಡು. ಬಿಲ್ ಬಿಡ್ಬೇಡಿ, ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದ್ರೆ ಅವರು ಮೊದ್ಲು ಕೇಳೋದೇ ಅದು.

ನಿನ್ನೆ ಮತ್ತೆ ಫೋನ್ ಮಾಡಿದ್ದೆ. "ಇನ್ನೊಂದು 60 ಸಾವಿರ ಹಾಕಿ ಸರ್, ದೊಡ್ಡ ಬಿಎಂಎಸ್ ಹಾಕ್ಕೊಡ್ತೀನಿ."