ಎಒ3ಯಲ್ಲಿ ಕಥೆ ಹಾಕಿದ ಅನುಭವ: ಅಂದ ಕಡಿಮೆ, ಕೆಲಸ ಗಟ್ಟಿ

ಕಥೆ ಬರೆಯಲು ಮೂರು ವಾರ ಹಿಡಿಯಿತು. ಅದನ್ನು ಎಒ3ಗೆ ಹಾಕಲು ಇಡೀ ಒಂದು ರಾತ್ರಿ. ಇದನ್ನು ಕೇಳಿ ನಿಮಗೆ ನಗು ಬಂದರೆ ನೀವಿನ್ನೂ ಫ್ಯಾನ್ ಫಿಕ್ಷನ್ ಪೋಸ್ಟ್ ಮಾಡಿಲ್ಲ ಅಂತ ಅರ್ಥ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಯಾನ್ ಫಿಕ್ಷನ್ ಅಂದರೆ ತಮ್ಮಿಷ್ಟದ ಪುಸ್ತಕ, ಸಿನಿಮಾಗಳ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ. ಅಂಥ ಕಥೆಗಳನ್ನು ಹಾಕುವ ಸೈಟ್ ಎಒ3, ಅಂದರೆ ಆರ್ಕೈವ್ ಆಫ್ ಅವರ್ ಓನ್. ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫರ್ಮೇಟಿವ್ ವರ್ಕ್ಸ್ ಅಂತ ಒಂದು ಸಂಸ್ಥೆ ಇದನ್ನು ನಡೆಸುತ್ತದೆ. ಲಾಭದ ಉದ್ದೇಶ ಇಲ್ಲ, ಜಾಹೀರಾತು ಇಲ್ಲ, ದೇಣಿಗೆ ಮತ್ತು ಸ್ವಯಂಸೇವಕರ ಬಲದ ಮೇಲೆ ನಡೆಯುತ್ತದೆ. ಓಪನ್ ಬೀಟಾ, ಅಂದರೆ ಎಲ್ಲರಿಗೂ ತೆರೆದ ಪ್ರಯೋಗದ ಆವೃತ್ತಿ, ಶುರುವಾಗಿದ್ದು 2009ರ ನವೆಂಬರ್‌ನಲ್ಲಿ. 2019ರಲ್ಲಿ ವೈಜ್ಞಾನಿಕ ಕಥೆ, ಫ್ಯಾಂಟಸಿ ಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ಅಕೌಂಟ್ ಬೇಕಾದರೆ ಇನ್ವಿಟೇಶನ್‌ಗೆ ಹೆಸರು ಕೊಟ್ಟು ಸರದಿ ಕಾಯಬೇಕು. ಸೈಟಿನ ಬಗ್ಗೆ ಹೊಗಳಿಕೆ, ಜಗಳ ಎರಡೂ ಬೇಕಾದಷ್ಟಿವೆ. ನಾನು ಹೇಳಲು ಹೊರಟಿರುವುದು ಅದರ ಒಂದು ಮೂಲೆಯ ಬಗ್ಗೆ ಮಾತ್ರ: ಕಥೆ ಹಾಕುವ ಆ ಉದ್ದನೆಯ ಫಾರ್ಮ್.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬರೆಯುವ ಆ್ಯಪ್‌ನಲ್ಲಿ ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ರಿಚ್ ಟೆಕ್ಸ್ಟ್ (ಅಕ್ಷರದ ಅಲಂಕಾರ ಸಮೇತ ತೆಗೆದುಕೊಳ್ಳುವ) ಪೆಟ್ಟಿಗೆಗೆ ಪೇಸ್ಟ್ ಮಾಡಿದೆ. ಪ್ರಿವ್ಯೂ ಒತ್ತಿದರೆ ಎದೆ ಧಸಕ್ಕೆಂದಿತು. ಪ್ಯಾರಾಗಳ ನಡುವೆ ಎರಡೆರಡು ಸಾಲು ಖಾಲಿ, ನಾಯಕಿ ಮನಸ್ಸಿನಲ್ಲೇ ಹೇಳಿಕೊಳ್ಳುವ ಇಟಾಲಿಕ್ (ಓರೆ ಅಕ್ಷರದ) ಸಾಲುಗಳಲ್ಲಿ ಅರ್ಧಕ್ಕರ್ಧ ನೆಟ್ಟಗೆ ನಿಂತಿವೆ, ಇಟಾಲಿಕ್ ಉಳಿದ ಕಡೆಯೂ ಪದಕ್ಕೂ ಪ್ರಶ್ನೆ ಚಿಹ್ನೆಗೂ ಮಧ್ಯೆ ಸುಮ್ನೆ ಒಂದು ಜಾಗ. ‘ಅವನು ನಿಜವಾಗ್ಲೂ ಬರ್ತಾನಾ ?’ ಅಂತ. ಕಥೆಯ ಅತಿ ದುಃಖದ ಸಾಲು ಅದು. ಆ ಜಾಗ ನೋಡಿದರೆ ಅವಳಿಗೆ ಬಿಕ್ಕಳಿಕೆ ಬಂದ ಹಾಗಿತ್ತು.

ಸೈಟನ್ನೇ ಬೈದೆ. ಆಮೇಲೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಸಂಕೇತ ಭಾಷೆ) ಬಟನ್ ಒತ್ತಿ ಒಳಗೆ ಇಣುಕಿದಾಗ ತಪ್ಪು ಯಾರದ್ದು ಅಂತ ಗೊತ್ತಾಯಿತು. ನಾನು ಬರೆದದ್ದು ಮೂರು ಪದದ ಒಂದು ಮಾತು. ಅದರ ಸುತ್ತ ನನ್ನ ಆ್ಯಪ್ ಮೂರು ಸ್ಪ್ಯಾನ್ ಟ್ಯಾಗ್ (ಅಕ್ಷರ ಹೇಗೆ ಕಾಣಬೇಕು ಅಂತ ಹೇಳುವ ಗುರುತು) ಸುತ್ತಿತ್ತು. ಒಂದರಲ್ಲಿ ಫಾಂಟ್, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅಕ್ಷರದ ಅಳತೆ. ಎಒ3 ಇಂಥ ಸ್ಟೈಲ್‌ಗಳನ್ನು ಒಳಗೆ ಬಿಡುವುದಿಲ್ಲ. ಒಂದಷ್ಟು ಟ್ಯಾಗ್‌ಗಳ ಪಟ್ಟಿ ಇಟ್ಟುಕೊಂಡಿದೆ, ಅದರಲ್ಲಿ ಇಲ್ಲದ್ದನ್ನು ಸೇವ್ ಮಾಡುವಾಗಲೇ ಕಿತ್ತು ಹಾಕುತ್ತದೆ. ನಿಮ್ಮ ಆ್ಯಪ್ ಇಟಾಲಿಕ್ ಅನ್ನು ಟ್ಯಾಗ್ ಆಗಿ ಬರೆಯದೆ ಸ್ಟೈಲ್ ಆಗಿ ಬರೆದಿಟ್ಟಿದ್ದರೆ ಸ್ಟೈಲ್ ಜೊತೆ ಇಟಾಲಿಕ್ ಕೂಡ ಹೋಯಿತು, ಅಷ್ಟೇ.

ಇದು ಶುರುವಿನಲ್ಲಿ ದಬ್ಬಾಳಿಕೆ ಅನ್ನಿಸುತ್ತದೆ. ಆದರೆ ಓದುಗರ ಕಡೆಯಿಂದ ಯೋಚಿಸಿ ನೋಡಿ. ಒಬ್ಬರು ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಓದುತ್ತಾರೆ, ಇನ್ನೊಬ್ಬರು ಅಕ್ಷರ ದಪ್ಪ ಮಾಡಿಕೊಂಡು ಓದುತ್ತಾರೆ, ಮತ್ತೊಬ್ಬರು ಇ-ಪಬ್ (ಇ-ಪುಸ್ತಕದ ಫೈಲ್) ಡೌನ್‌ಲೋಡ್ ಮಾಡಿ ರೀಡರ್‌ನಲ್ಲಿ ಓದುತ್ತಾರೆ. ನಾನು ಕಪ್ಪು ಅಕ್ಷರವೇ ಇರಲಿ ಅಂತ ಹಟ ಹಿಡಿದರೆ ಕಪ್ಪು ಹಿನ್ನೆಲೆಯವರಿಗೆ ಕಾಣುವುದು ಬರೀ ಕತ್ತಲೆ. ಹಾಗಾಗಿ ಈ ಬಿಗಿ ನನಗೆ ಈಗ ಇಷ್ಟ.

ಈಗ ನಾನು ಮಾಡುವುದು ಇಷ್ಟು. ಕಥೆಯನ್ನು ಪ್ಲೇನ್ ಟೆಕ್ಸ್ಟ್ ಆಗಿ ಇಟ್ಟುಕೊಂಡು ನೇರ ಎಚ್‌ಟಿಎಂಎಲ್ ಪೆಟ್ಟಿಗೆಗೇ ಹಾಕುತ್ತೇನೆ. ಹೆದರಬೇಡಿ, ಪ್ರತಿ ಪ್ಯಾರಾಗೂ ಟ್ಯಾಗ್ ಬರೆಯುವ ಕೆಲಸ ಇಲ್ಲ. ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಅದೇ ಹೊಸ ಪ್ಯಾರಾ ಮಾಡಿಕೊಳ್ಳುತ್ತದೆ, ಒಂದೇ ಎಂಟರ್ ಒತ್ತಿದರೆ ಪ್ಯಾರಾದೊಳಗೇ ಸಾಲು ಮುರಿಯುತ್ತದೆ. ಕವಿತೆಗೋ ಪತ್ರಕ್ಕೋ ಅದು ಸಾಕು. ಇಟಾಲಿಕ್‌ಗೆ ಇಎಂ, ದಪ್ಪಕ್ಕೆ ಸ್ಟ್ರಾಂಗ್, ಪತ್ರವನ್ನು ಒಳಕ್ಕೆ ತಳ್ಳಲು ಬ್ಲಾಕ್‌ಕೋಟ್, ದೃಶ್ಯ ಬದಲಾದಾಗ ಎಚ್‌ಆರ್. ಈ ನಾಲ್ಕು ಟ್ಯಾಗ್ ಬಂದರೆ ಹೆಚ್ಚಿನ ಕಥೆಗಳ ಕೆಲಸ ಮುಗಿಯಿತು. ಬರೆಯುವಾಗಲೇ ಇಎಂ ಹಾಕಿಕೊಂಡು ಹೋಗುತ್ತೇನೆ, ಈಗ ಕೈಗೆ ಅದೇ ರೂಢಿ ಆಗಿಬಿಟ್ಟಿದೆ. ಮುಚ್ಚುವ ಟ್ಯಾಗ್ ಮರೆತರೆ ಮಾತ್ರ ಅಲ್ಲಿಂದ ಮುಂದೆ ಓರೆ ಅಕ್ಷರಗಳ ಮೆರವಣಿಗೆ.

ದೃಶ್ಯ ಬದಲಾಯಿಸಲು ಮೂರು ನಕ್ಷತ್ರ ಹಾಕುವ ಅಭ್ಯಾಸ ನನಗೂ ಇತ್ತು. ಚೆನ್ನಾಗಿ ಕಾಣುತ್ತದೆ ಅಂತ ಒಂದು ಕಥೆಯಲ್ಲಿ ಹದಿನೈದು ನಕ್ಷತ್ರದ ಸಾಲೇ ಹಾಕಿದ್ದೆ. ಕಣ್ಣು ಕಾಣದ ಓದುಗರ ಸ್ಕ್ರೀನ್ ರೀಡರ್ ಅದನ್ನು ಸ್ಟಾರ್, ಸ್ಟಾರ್, ಸ್ಟಾರ್ ಅಂತ ಒಂದೊಂದಾಗಿ ಓದಬಹುದು ಅಂತ ಆಮೇಲೆ ತಿಳಿಯಿತು. ಮುತ್ತಿನ ದೃಶ್ಯ ಮುಗಿದ ತಕ್ಷಣ ಹದಿನೈದು ಸ್ಟಾರ್! ಎಚ್‌ಆರ್ ಹಾಕಿದರೆ ಆ ಗೋಳಿಲ್ಲ, ಇಲ್ಲೊಂದು ಗೆರೆ ಇದೆ ಅಂತ ಗೊತ್ತಾಗುತ್ತದೆ, ಕಥೆ ಮುಂದೆ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ನಮ್ಮ ಲಿಪಿಗೆ ಇಟಾಲಿಕ್ ಅಷ್ಟಾಗಿ ಒಗ್ಗುವುದಿಲ್ಲ, ಸಾಮಾನ್ಯವಾಗಿ ಬ್ರೌಸರ್ ಅಕ್ಷರವನ್ನು ಸುಮ್ನೆ ಒಂದು ಕಡೆಗೆ ವಾಲಿಸುತ್ತದೆ. ಒತ್ತಕ್ಷರ ಜಾಸ್ತಿ ಇರುವ ಸಾಲು ಬಿದ್ದುಹೋಗುವ ಬೇಲಿಯ ಹಾಗೆ ಕಾಣುತ್ತದೆ. ನಾನು ಮನಸ್ಸಿನ ಮಾತಿಗೆ ಒಂಟಿ ಉದ್ಧರಣ ಚಿಹ್ನೆ ಬಳಸಿ, ಇಟಾಲಿಕ್ ಅನ್ನು ಒಂದೆರಡು ಪದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಇನ್ನು ವರ್ಕ್ ಸ್ಕಿನ್, ಅಂದರೆ ಒಂದು ಕಥೆಗೆ ನಾವೇ ತೊಡಿಸುವ ವೇಷ. ಪಾತ್ರಗಳು ಚಾಟ್ ಮಾಡುವುದನ್ನು ನಿಜವಾದ ಫೋನ್ ಪರದೆಯ ಹಾಗೆ, ಎಡಕ್ಕೊಂದು ಬಲಕ್ಕೊಂದು ಗುಳ್ಳೆಯಾಗಿ ತೋರಿಸುವ ಕಥೆಗಳನ್ನು ನೋಡಿರುತ್ತೀರಿ ಅಲ್ವಾ, ಅದರ ಗುಟ್ಟು ಇದೇ. ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಂಕೇತ) ಅನ್ನು ಸ್ಕಿನ್ಸ್ ಪುಟದಲ್ಲಿ ಬೇರೆಯಾಗಿ ಬರೆದಿಟ್ಟು, ಕಥೆಯ ಫಾರ್ಮ್‌ನಲ್ಲಿ ಅದನ್ನು ಆರಿಸಿ, ಕಥೆಯೊಳಗೆ ಬೇಕಾದ ಕಡೆ ಆ ಸ್ಟೈಲಿನ ಹೆಸರು (ಕ್ಲಾಸ್) ಕೊಡಬೇಕು. ಒಂದು ಸಲ ಕಲಿತರೆ ಮಜಾ ಇದೆ. ನಾನು ಒಂದು ಚಾಟ್ ದೃಶ್ಯಕ್ಕೆ ಇಡೀ ಭಾನುವಾರ ಕಳೆದೆ. ಹಸಿರು ಗುಳ್ಳೆ, ಬೂದು ಗುಳ್ಳೆ, ಮೂಲೆಯಲ್ಲಿ ಸಮಯ. ಆಮೇಲೆ ನೆನಪಾಯಿತು, ಓದುಗರು ‘ಹೈಡ್ ಕ್ರಿಯೇಟರ್ಸ್ ಸ್ಟೈಲ್’ ಒತ್ತಿದರೆ ಇದೆಲ್ಲ ಮಾಯ. ಡೌನ್‌ಲೋಡ್ ಮಾಡಿದ ಫೈಲ್‌ನಲ್ಲೂ ಗುಳ್ಳೆಗಳಿಲ್ಲ. ಅಲ್ಲಿ ಉಳಿಯುವುದು ಯಾರು ಯಾರಿಗೆ ಹೇಳಿದರು ಅಂತ ಗೊತ್ತಾಗದ ಸಾಲುಗಳ ರಾಶಿ. ಕೊನೆಗೆ ಪ್ರತಿ ಮೆಸೇಜಿನ ಮುಂದೆಯೂ ಹೆಸರು ಸೇರಿಸುತ್ತ ಕೂತೆ. ನೀವು ಮೊದಲೇ ಸೇರಿಸಿಬಿಡಿ. ಸ್ಕಿನ್‌ನಲ್ಲಿ ಸಾಲಿನ ಅಂತರ ತೀರಾ ಕಡಿಮೆ ಮಾಡಬೇಡಿ, ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಚಿತ್ರ ಹಾಕಬಹುದು, ಆದರೆ ಚಿತ್ರವನ್ನು ಅವರು ಇಟ್ಟುಕೊಳ್ಳುವುದಿಲ್ಲ. ಬೇರೆ ಕಡೆ ಅಪ್‌ಲೋಡ್ ಮಾಡಿ ಲಿಂಕ್ ಕೊಡಬೇಕು. ಆ ಕಡೆ ಚಿತ್ರ ಅಳಿದರೆ ಈ ಕಡೆ ಖಾಲಿ ಚೌಕ. ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲಿಗೆ ಓದುವ ವಿವರಣೆ) ಬರೆದಿಟ್ಟಿದ್ದರೆ ಕೊನೇಪಕ್ಷ ಅಲ್ಲಿ ಏನಿತ್ತು ಅಂತ ಓದುಗರಿಗೆ ತಿಳಿಯುತ್ತದೆ.

ಫಾರ್ಮ್‌ನ ಮೇಲ್ಭಾಗ, ಅಂದರೆ ರೇಟಿಂಗ್, ವಾರ್ನಿಂಗ್, ಫ್ಯಾಂಡಮ್ (ಯಾವ ಮೂಲಕೃತಿಯ ಪಾತ್ರಗಳು ಅನ್ನುವುದು), ಟ್ಯಾಗ್‌ಗಳು (ಎಚ್‌ಟಿಎಂಎಲ್‌ನವಲ್ಲ, ಕಥೆಯ ವಿಷಯ ಹೇಳುವ ಹಣೆಪಟ್ಟಿಗಳು), ಕಥೆಯಷ್ಟೇ ಸಮಯ ತಿನ್ನುತ್ತದೆ. ವಾರ್ನಿಂಗ್ ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಹೇಳಲು ಇಷ್ಟವಿಲ್ಲದಿದ್ದರೆ ‘ಹೇಳುವುದಿಲ್ಲ’ ಅನ್ನುವುದನ್ನೇ ಆರಿಸಬೇಕು. ಜೋಡಿಯ ಹೆಸರಿನ ನಡುವೆ ಓರೆಗೆರೆ (/) ಇದ್ದರೆ ಪ್ರೇಮ, ಆ್ಯಂಪರ್ಸಂಡ್ (&) ಇದ್ದರೆ ಸ್ನೇಹ. ಇದನ್ನು ತಪ್ಪಿಸಿ ಹಾಕಿದರೆ ಅಣ್ಣ ತಂಗಿಯ ಕಥೆಗೆ ಯಾವ ಥರದ ಓದುಗರು ಬರುತ್ತಾರೆ ಅಂತ ನೀವೇ ಊಹಿಸಿ. ಟ್ಯಾಗ್‌ಗಳನ್ನು ಬೇರೆ ಮಾಡುವುದು ಅಲ್ಪವಿರಾಮ. ನಾನು ‘ತುಂಬಾ ಅಳು, ಆಮೇಲೆ ನಗು’ ಅಂತ ಒಂದೇ ಟ್ಯಾಗ್ ಆಗಿ ಬರೆದಿದ್ದೆ, ಅದು ಎರಡು ತುಂಡಾಯಿತು. ತಪ್ಪು ನನ್ನದೇ.

ಇಷ್ಟವಾಗದ್ದೂ ಇದೆ. ಫಾರ್ಮ್ ನೋಡಲು ತೀರಾ ಸರಕಾರಿ ಅರ್ಜಿಯ ಹಾಗಿದೆ, ಫೋನಿನಲ್ಲಿ ಸ್ಕ್ರೋಲ್ ಮಾಡಿ ಮಾಡಿ ಬೆರಳು ಸವೆಯುತ್ತದೆ. ಬರೆಯುತ್ತಿದ್ದ ಹಾಗೆ ತಾನೇ ಸೇವ್ ಆಗುವ ವ್ಯವಸ್ಥೆ ಇಲ್ಲ, ಆದ್ದರಿಂದ ದಯವಿಟ್ಟು ಆ ಪೆಟ್ಟಿಗೆಯಲ್ಲೇ ಕೂತು ಕಥೆ ಬರೆಯಬೇಡಿ. ಡ್ರಾಫ್ಟ್ ಆಗಿ ಇಡಬಹುದು, ಆದರೆ ಪೋಸ್ಟ್ ಮಾಡದ ಡ್ರಾಫ್ಟ್ ಸುಮಾರು ಒಂದು ತಿಂಗಳಿಗೆ ಅಳಿದುಹೋಗುತ್ತದೆ. ಅಳಿಸುವ ತಾರೀಕನ್ನು ಅಲ್ಲೇ ತೋರಿಸುತ್ತಾರೆ, ಅದು ಒಳ್ಳೆಯದು. ಸಾರಾಂಶಕ್ಕೆ 1,250 ಅಕ್ಷರದ ಮಿತಿ ಇದೆ. ಕೆಲವರಿಗೆ ಇದು ಕಡಿಮೆಯಂತೆ. ಅಷ್ಟು ಸಾಲದಿದ್ದರೆ ಕಥೆಯನ್ನೇ ಹೇಳಿಬಿಡುತ್ತಿದ್ದೀರಿ ಅಂತ ನನ್ನ ಅನಿಸಿಕೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಆ ಆಟೋಸೇವ್ ಇಲ್ಲದ್ದಕ್ಕೆ.

ಹಾಂ, ಒಂದು ಹೇಳುವುದು ಬಿಟ್ಟೇ ಹೋಗಿತ್ತು. ಪೋಸ್ಟ್ ಆದ ಅಧ್ಯಾಯವನ್ನು ಆಮೇಲೆ ತಿದ್ದಿದರೆ ಸಬ್‌ಸ್ಕ್ರೈಬ್ ಆದವರಿಗೆ ಮೇಲ್ ಹೋಗುವುದಿಲ್ಲ. ಆ ರಾತ್ರಿ ಎರಡು ಗಂಟೆಗೆ ಪೋಸ್ಟ್ ಒತ್ತಿ, ನಿಟ್ಟುಸಿರು ಬಿಟ್ಟು, ಮೊದಲ ಸಾಲು ಓದಿದರೆ ನಾಯಕಿಯ ಹೆಸರೇ ತಪ್ಪು. ಎಡಿಟ್ ಒತ್ತಿದೆ. ನಾಲ್ಕು ಗಂಟೆಯೊಳಗೆ ಇನ್ನೂ ಎಂಟು ಸಲ ಒತ್ತಿದೆ. ಯಾರಿಗೂ ಗೊತ್ತಾಗಲಿಲ್ಲ.