ಮನೆಯಲ್ಲಿ ಐಪಿಎಲ್ ಮಾಡಿಕೊಂಡ ಮೇಲೆ ಚರ್ಮದ ಉರಿಗೆ ಯಾವುದು ಒಳ್ಳೆಯದು? ನಾನು ಹಚ್ಚಿ ನೋಡಿದ್ದು

ಬಲಗಾಲಿಗೆ ಒಂದು, ಎಡಗಾಲಿಗೆ ಇನ್ನೊಂದು. ಮನೆಯಲ್ಲೇ ಐಪಿಎಲ್ ಯಂತ್ರದಿಂದ, ಅಂದರೆ ಚರ್ಮದ ಮೇಲೆ ಜೋರು ಬೆಳಕು ಮಿಂಚಿಸುವ ಯಂತ್ರದಿಂದ, ಕೂದಲು ತೆಗೆಯಲು ಶುರು ಮಾಡಿದ ಮೇಲೆ, ಉರಿ ಆರಿಸಲು ಯಾವುದು ಒಳ್ಳೆಯದು ಅಂತ ನಾನು ಹೀಗೇ ಹಚ್ಚಿ ನೋಡುತ್ತಾ ಬಂದಿದ್ದೇನೆ. ಬೇರೆ ಬೇರೆ ದಿನ ಹಚ್ಚಿದರೆ ಅವತ್ತಿನ ಬಿಸಿಲು, ಬೆವರು, ಶೇವ್ ಮಾಡಿದ ರೀತಿ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಒಂದೇ ಸಂಜೆ, ಯಂತ್ರದ ಬೆಳಕಿನ ಒಂದೇ ಲೆವೆಲ್‌ನಲ್ಲಿ ಎರಡೂ ಕಾಲಿಗೆ ಮಾಡಿಕೊಂಡು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೊದಲು ಉರಿ ಯಾಕೆ ಆಗುತ್ತದೆ ಅನ್ನೋದು ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಸಿಕ್ಕಿದ್ದೆಲ್ಲ ಹಚ್ಚುತ್ತೇವೆ. ಯಂತ್ರದ ಬೆಳಕನ್ನು ಕೂದಲಿನ ಬೇರಿನಲ್ಲಿರುವ ಮೆಲನಿನ್ ಅನ್ನೋ ಕಪ್ಪು ಬಣ್ಣದ ಅಂಶ ಹೀರಿಕೊಂಡು ಬಿಸಿಯಾಗುತ್ತದೆ. ಆ ಬಿಸಿಗೆ ಬೇರು ಸೊರಗುತ್ತದೆ. ಆದರೆ ಮೆಲನಿನ್ ಚರ್ಮದಲ್ಲೂ ಇದೆಯಲ್ಲ. ನಮ್ಮಂಥ ಗೋಧಿ ಬಣ್ಣ, ಕಂದು ಬಣ್ಣದವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಒಂದಷ್ಟು ಬಿಸಿ ಚರ್ಮದ ಮೇಲ್ಪದರಕ್ಕೂ ತಗಲುತ್ತದೆ. ಬಿಳಿ ಚರ್ಮದವರಿಗೆ ಕೆಂಪಾಗಿ ಹೋಗಿಬಿಡುವುದು ನಮಗೆ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು. ಉರಿ ಬೇಗ ಇಳಿಸಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ನಾನಿರುವುದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲಿ. ಟ್ಯಾಂಕಿನ ನೀರು ಸಂಜೆ ಹೊತ್ತಿಗೂ ಬಿಸಿಯಾಗಿಯೇ ಬರುತ್ತದೆ. "ತಣ್ಣೀರಲ್ಲಿ ತೊಳೆಯಿರಿ" ಅಂತ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮೂರ ನಲ್ಲಿಯಲ್ಲಿ ತಣ್ಣೀರು ಎಲ್ಲಿಂದ ಬರಬೇಕು? ಅದಕ್ಕೆ ಅವ್ವ ಒಂದು ದಾರಿ ಹೇಳಿದಳು. "ಮೊದಲ ಗಡಿಗಿ ನೀರಾಗ ಅರಿವಿ ಅದ್ದಿ ಇಡು. ಉರಿ ಇಳೀಲಿ. ಆಮೇಲ ಏನರ ಹಚ್ಚಿಕೋ."

ಅವ್ವನ ಅರಿವಿಯೇ ಗೆದ್ದಿತು. ಒಂದು ಕಾಲಿಗೆ ಗಡಿಗೆ ನೀರಲ್ಲಿ ಅದ್ದಿದ ಹಳೆ ಹತ್ತಿ ಬಟ್ಟೆ, ಇನ್ನೊಂದಕ್ಕೆ ಫ್ರಿಜ್ಜಿನ ಐಸ್. ಐಸನ್ನು ಟವೆಲ್‌ನಲ್ಲಿ ಸುತ್ತಿಯೇ ಇಟ್ಟಿದ್ದೆ. ನೇರವಾಗಿ ಇಟ್ಟರೆ ಐಸೇ ಚರ್ಮ ಸುಡುತ್ತದೆ, ಅದರಲ್ಲೂ ಬೆಳಕಿನ ಬಿಸಿ ತಿಂದ ಚರ್ಮವನ್ನು. ಐಸ್ ಇಟ್ಟ ಕಾಲಿಗೆ ಉರಿ ತಕ್ಷಣ ನಿಂತಿತು, ನಿಜ. ಆದರೆ ಅದು ಮರಗಟ್ಟಿದ್ದು. ಐಸ್ ತೆಗೆದ ಸ್ವಲ್ಪ ಹೊತ್ತಿಗೆ ಚುರುಚುರು ಮತ್ತೆ ಶುರುವಾಯಿತು. ಬಟ್ಟೆ ಇಟ್ಟ ಕಾಲು ನಿಧಾನವಾಗಿ ತಣ್ಣಗಾಯಿತು, ಹಾಗೇ ಉಳಿಯಿತು. ಗಡಿಗೆ ತಂಪಾಗುವುದು ನೀರು ಆವಿಯಾಗಿ ಹೋಗುವುದರಿಂದ. ಬಟ್ಟೆಯದ್ದೂ ಅದೇ ಕೆಲಸ. ನಮ್ಮ ಒಣ ಸೆಕೆಗೆ ಇದು ಚೆನ್ನಾಗಿ ಹೊಂದುತ್ತದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲು ಚಾಚಿ, ಕೂಲರ್ ಗಾಳಿ ಬಟ್ಟೆಗೆ ತಾಗುವ ಹಾಗೆ ಕೂತುಬಿಡಿ. ಹತ್ತು ನಿಮಿಷ ಸಾಕು, ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ. ಮಳೆಗಾಲದಲ್ಲಿ ಗಾಳಿ ತೇವ ಇರುವಾಗ ಮಾತ್ರ ಇಷ್ಟು ತಂಪು ಸಿಗುವುದಿಲ್ಲ. ಆಗ ಫ್ರಿಜ್ಜಿನ ನೀರಲ್ಲಿ ಅದ್ದುತ್ತೇನೆ.

ಇನ್ನೊಂದು ಮಾತು. ಯಂತ್ರ ಹಿಡಿಯುವ ಮೊದಲೇ ಐಸ್ ಇಟ್ಟು ಚರ್ಮ ಮರಗಟ್ಟಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಲೆವೆಲ್ ಜಾಸ್ತಿ ಆಯಿತು ಅಂತ ಹೇಳುವುದೇ ನೋವು. ಅದನ್ನು ಮೊದಲೇ ಅಡಗಿಸಿದರೆ ಸುಟ್ಟಿದ್ದು ಆಮೇಲೆ ಗೊತ್ತಾಗುತ್ತದೆ.

ಬಟ್ಟೆ ಆದ ಮೇಲೆ ಲೋಳೆಸರ. ಇಲ್ಲಿ ಪೈಪೋಟಿ ಕುಂಡದ ಗಿಡಕ್ಕೂ ಅಂಗಡಿಯ ಟ್ಯೂಬಿಗೂ. ಮನೆಯ ಗಿಡವೇ ಗೆಲ್ಲಲಿ ಅಂತ ನನಗೆ ಆಸೆ ಇತ್ತು, ಗೆಲ್ಲಲಿಲ್ಲ. ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿಂದ ಹಳದಿ ರಸ ಇಳಿಯುತ್ತದೆ ನೋಡಿ, ಅದು ಚರ್ಮಕ್ಕೆ ತುರಿಕೆ ತರುತ್ತದೆ. ಎಲೆಯನ್ನು ನಿಲ್ಲಿಸಿಟ್ಟು ಆ ರಸ ಪೂರ್ತಿ ಇಳಿಸಿ, ಸಿಪ್ಪೆ ತೆಗೆದು, ಒಳಗಿನ ತಿರುಳನ್ನು ತೊಳೆದು ಹಚ್ಚಬೇಕು. ಅಷ್ಟು ಮಾಡಿದರೂ ಒಣಗಿದ ಮೇಲೆ ಚರ್ಮ ಬಿಗಿದ ಹಾಗಾಯಿತು. ಟ್ಯೂಬ್ ಕೊಳ್ಳುವುದಾದರೆ ಹಿಂದಿನ ಪಟ್ಟಿ ಓದಿ. ಸುಗಂಧ, ಆಲ್ಕೋಹಾಲ್ ಇದ್ದರೆ ವಾಪಸ್ ಇಡಿ. ಹಸಿರು ಬಣ್ಣ, ಘಮಘಮ ವಾಸನೆ ಇರುವುದನ್ನು ನಾನು ಹಚ್ಚಿದ್ದೆ, ಹಚ್ಚಿದ ಕೂಡಲೇ ಚುರ್ ಅಂದಿತು. ಬಣ್ಣ, ವಾಸನೆ ಇಲ್ಲದ ಜೆಲ್ ಅನ್ನು ಫ್ರಿಜ್ಜಿನಲ್ಲಿಟ್ಟು ತೆಳುವಾಗಿ ಹಚ್ಚಿದಾಗ ಹಾಯೆನಿಸಿತು. ಬಟ್ಟೆಯ ನಂತರ ಎರಡನೇ ಸ್ಥಾನ ಅದಕ್ಕೇ ಕೊಡುತ್ತೇನೆ.

ಕ್ಯಾಲಮೈನ್ ಲೋಷನ್ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಯಾವ ಔಷಧಿ ಅಂಗಡಿಯಲ್ಲಿ ಕೇಳಿದರೂ ಮೊದಲು ಇದನ್ನೇ ಕೊಡುತ್ತಾರೆ. ಝಿಂಕ್ ಆಕ್ಸೈಡಿಗೆ ಸ್ವಲ್ಪ ಕಬ್ಬಿಣದ ಆಕ್ಸೈಡ್ ಸೇರಿರುತ್ತದೆ, ಆ ಗುಲಾಬಿ ಬಣ್ಣ ಅದರದ್ದು. ಉರಿಗಿಂತ ತುರಿಕೆಗೆ ಇದು ಒಳ್ಳೆಯದು. ಆದರೆ ಚರ್ಮ ಒಣಗಿಸುತ್ತದೆ. ಐಪಿಎಲ್‌ಗೆ ಮೊದಲು ಶೇವ್ ಮಾಡಲೇಬೇಕು, ಅದರಿಂದಲೇ ಕಾಲು ಒಣಗಿರುತ್ತದೆ. ಮೇಲೆ ಇದನ್ನು ಬಳಿದರೆ ಮರುದಿನ ಮೊಣಕಾಲ ಕೆಳಗೆ ಬಿಳಿ ಹೊಟ್ಟು ಏಳುತ್ತದೆ. ಬೆವರುವ ಕಂಕುಳಕ್ಕೆ ಮಾತ್ರ ಇದೇ ಸರಿ ಅನಿಸಿತು. ಜೆಲ್ ಅಲ್ಲಿ ಅಂಟಂಟಾಗುತ್ತದೆ. ಅಂದಹಾಗೆ, ಕಂಕುಳಿಗೆ ಮಾಡಿಕೊಂಡ ದಿನ ಡಿಯೋಡರಂಟ್ ಬೇಡ, ಬಿಗಿ ಬ್ಲೌಸ್ ಬೇಡ.

ಕೊಬ್ಬರಿ ಎಣ್ಣೆಯನ್ನು ತಕ್ಷಣ ಹಚ್ಚಬೇಡಿ. ಬಿಸಿ ಇನ್ನೂ ಒಳಗಿರುವಾಗ ಮೇಲೆ ಎಣ್ಣೆ ಕೂತರೆ ಉರಿ ಇಳಿಯುವುದು ತಡ. ಮರುದಿನ ಚರ್ಮ ತಣ್ಣಗಾದ ಮೇಲೆ ಎಣ್ಣೆಯೂ ಸರಿ, ಗ್ಲಿಸರಿನ್ ಇರುವ ಸಾದಾ ಕ್ರೀಮೂ ಸರಿ. ಹಚ್ಚಿ ನೋಡಿದಾಗ ಎರಡಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವೈನಿ (ಅತ್ತಿಗೆ) ಹೇಳಿದ ಅರಿಶಿನ, ಮೊಸರು ನನಗೆ ಹಿಡಿಸಲಿಲ್ಲ. ಹಳದಿ ಬಣ್ಣ ಕೂತರೆ ಕೆಂಪು ಇದೆಯೋ ಹೋಯಿತೋ ಕಾಣುವುದೇ ಇಲ್ಲ. ನಿಂಬೆರಸ ಅಂತೂ ಹತ್ತಿರವೂ ಬರಬಾರದು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗುತ್ತದೆ.

ನಾನು ಹಚ್ಚಿ ನೋಡದೇ ಬಿಟ್ಟಿದ್ದು ಒಂದೇ, ಸ್ಟೀರಾಯ್ಡ್ ಮುಲಾಮು. "ಇದು ಹಚ್ರೀ ಅಕ್ಕೋರೆ, ಒಂದೇ ದಿನಕ್ಕ ಆರಾಮ ಆಗ್ತದ" ಅಂತ ಅಂಗಡಿಯವರು ಕೊಡುವ ಟ್ಯೂಬುಗಳಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಥರದ ಜೋರು ಸ್ಟೀರಾಯ್ಡ್ ಇರಬಹುದು. ಹೆಸರು ಓದದೆ ತೆಗೆದುಕೊಳ್ಳಬೇಡಿ. ಮೇಲಿಂದ ಮೇಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಮುಖಕ್ಕೆ ಹಚ್ಚಿ, ಬಿಡಲೂ ಆಗದೆ ಒದ್ದಾಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಸೌಮ್ಯವಾದದ್ದು, ಆದರೆ ಅದನ್ನೂ ಡಾಕ್ಟರು ಹೇಳಿದರೆ, ಹೇಳಿದಷ್ಟೇ ದಿನ.

ಮರುದಿನ ಹೊರಗೆ ಹೋಗುವುದಿದ್ದರೆ ಸನ್‌ಸ್ಕ್ರೀನ್ ಬೇಕೇ ಬೇಕು, ಎಸ್‌ಪಿಎಫ್ 30 ಅಥವಾ ಮೇಲಿನದು. ಸೇಡಂ ರಸ್ತೆಯಲ್ಲಿ ಮಧ್ಯಾಹ್ನ ಸ್ಕೂಟಿ ಓಡಿಸುವವರಿಗೆ ಅದೊಂದೇ ಸಾಲದು. ಉದ್ದ ತೋಳಿನ ಹತ್ತಿ ಕೋಟು, ಕೈಗವಸು ಹಾಕಿಕೊಳ್ಳಿ. ನಾನಂತೂ ಬೇಸಿಗೆಯಲ್ಲಿ ಕೈಗೆ ಮಾಡಿಕೊಳ್ಳುವುದನ್ನೇ ನಿಲ್ಲಿಸಿದ್ದೇನೆ. ಬಿಸಿಲಿಗೆ ಕಪ್ಪಾದ ಚರ್ಮ ಬೆಳಕನ್ನು ಇನ್ನೂ ಜಾಸ್ತಿ ಹೀರುತ್ತದೆ.

ಸಾಮಾನ್ಯ ಕೆಂಪು, ಬೆಚ್ಚಗಿನ ಭಾವ 24ರಿಂದ 48 ಗಂಟೆಯೊಳಗೆ ಹೋಗುತ್ತದೆ. ಗುಳ್ಳೆ ಎದ್ದರೆ, ಯಂತ್ರದಲ್ಲಿ ಬೆಳಕು ಹೊರಬರುವ ಕಿಟಕಿಯ ಆಕಾರದಲ್ಲೇ ಚೌಕ ಗುರುತು ಬಿದ್ದರೆ, ಮರುದಿನವೂ ನೋವು ಏರುತ್ತಿದ್ದರೆ ಇಲ್ಲಿ ಬರೆದ ಯಾವುದೂ ಬೇಡ. ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ. ಗುಳ್ಳೆ ಒಡೆಯಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ. ಗುಳ್ಳೆ ಇಲ್ಲದಿದ್ದರೂ ಪ್ರತಿ ಸಲ ಒದ್ದೆ ಬಟ್ಟೆಗೆ ಉರಿ ಇಳಿಯದೆ ಇನ್ನೇನಾದರೂ ಬೇಕೇ ಬೇಕು ಅನಿಸುತ್ತಿದ್ದರೆ, ಹೊಸ ಕ್ರೀಮ್ ಹುಡುಕುವ ಮೊದಲು ಯಂತ್ರದ ಲೆವೆಲ್ ಒಂದು ಕೆಳಗಿಳಿಸಿ ನೋಡಿ.